ಕಿನ್ನರದ ಜೊಳ್ಳು ಕದಿರು

ಅಂಕೋಲಾ
26 ಆಗಸ್ಟ್ 2025, ಮಂಗಳವಾರ

ಪ್ರಿಯ ತಮ್ಮ ಇನಾಸ್‌ಗೆ,

ಸುದ್ದಿಯನ್ನು ಮೊದಲು ಹೇಳಿದವಳು ಗಂಗಿ. ನಿನ್ನೆ ಸೋಮವಾರ, ಬೆಳಿಗ್ಗೆ ಹತ್ತೂವರೆಗೆ. ನಿಮ್ಮ ಕಿನ್ನರದ ಬೆಳಗಿನ ಬಸ್ಸು ಹಿಡಿದು, ಕಾರವಾರದ ಬಂದರಿನಲ್ಲಿ ಮೀನು ಕೊಂಡು, ಅಂಕೋಲೆಗೆ ಬಂದು ಮಾರುವ ಆ ಹೆಂಗಸಿಗೆ ಬುಟ್ಟಿಗಿಂತ ಸುದ್ದಿಯೇ ಹೆಚ್ಚು ಭಾರ. ಬುಟ್ಟಿ ಇಳಿಸುವ ಮೊದಲು ಅದನ್ನು ಇಳಿಸಿದಳು. “ಬಾಯಿ, ನಿಮ್ಮ ತಮ್ಮನ ಗದ್ದೆಗೆ ಉಪ್ಪುನೀರು ಹೊಕ್ತು! ತೂಬಿನ ಹಲಗೆ ಹಾಕ್ಲೇ ಇಲ್ಲಾಗಿತ್ತು. ಇಷ್ಟು ನೀರು!” ಎಂದು ಸೊಂಟ ಮುಟ್ಟಿ ತೋರಿಸಿದಳು.

ನದಿಯಂಚಿಗೆ ಒಡ್ಡು ಕಟ್ಟಿ ಹನ್ನೆರಡು ಮನೆಯವರು ಸೇರಿ ಮಾಡುವ ಗಜನಿ ಗದ್ದೆ. ಕದಿರು ಹೊರಬೀಳುವ ಹೊತ್ತು. ನದಿಯ ಉಪ್ಪುನೀರು ಒಳಗೆ ನಿಂತರೆ ಏನಾಗುತ್ತದೆ ಎಂದು ನೀನು ನನಗೆ ಹೇಳಬೇಕಿಲ್ಲ. ನಾನೂ ಅದೇ ಒಡ್ಡಿನ ಮೇಲೆ ಬಿದ್ದೆದ್ದು ಬೆಳೆದವಳು.

ಆದರೆ ಇನಾಸ್, ಗೊಣಗಬೇಡ. ದೇವರು ಕೊಟ್ಟಾಗ ಟೊಪ್ಪಿ ತೆಗೆದವರು ಕಸಿದಾಗಲೂ ತೆಗೆಯಬೇಕು. ಬೈಬಲಿನಲ್ಲಿ ಐಗುಪ್ತದ ದಾಸ್ಯ ಬಿಟ್ಟು ಮರಳುಗಾಡಿನಲ್ಲಿ ನಡೆದವರು ಅಲ್ಲಿಯ ಈರುಳ್ಳಿ ನೆನೆದು ಅತ್ತು, ಹನ್ನೊಂದು ದಿನದ ದಾರಿಯನ್ನು ನಲವತ್ತು ವರ್ಷ ಮಾಡಿಕೊಂಡರು. ಸೆಪ್ಟೆಂಬರ್ ಎಂಟು ಹತ್ತಿರ ಬಂತು. ಕನ್ಯಾಮರಿಯಮ್ಮನ ಹಬ್ಬಕ್ಕೆ ಮೊದಲ ಕದಿರು ಕೊಯ್ದು ಇಗರ್ಜಿಗೆ ಒಯ್ಯುವುದು ನಮ್ಮ ಮನೆಯ ಕೆಲಸ. ನಮ್ಮಪ್ಪ, ಪಾಯ್, ಸಾಯುವಾಗ ನಿನ್ನ ಕೈ ಹಿಡಿದು ಹೇಳಿದ್ದು ಅದೊಂದೇ ಮಾತು. ಗದ್ದೆ ಏನು ಕೊಡುತ್ತದೋ ಅದನ್ನು ಒಯ್ಯಿ.

ಗಂಗಿಯ ಕೈಯಲ್ಲಿ ನೀನು ಕಳಿಸಿದ ಶೆಟ್ಲಿ ಮುಟ್ಟಿತು. ಒದ್ದೆ ಹುಲ್ಲಿನಲ್ಲಿ ಸಿಗಡಿ ಇನ್ನೂ ಹಾರುತ್ತಿದ್ದವು. ಸಾರು ಮಾಡಿ ಎರಡು ದಿನ ಉಂಡೆ. ದೇವ್ ಬರೆಂ ಕರುಂ.

ನಿನ್ನ ಅಕ್ಕ
ಸೆರಫೀನಾ


ಕಿನ್ನರ
28 ಆಗಸ್ಟ್ 2025, ಗುರುವಾರ

ಬಾಯ್,

ನಿನ್ನ ಪತ್ರ ಓದಿ ಮೊದಲು ಹರಿಯಬೇಕು ಅನ್ನಿಸಿತು. ಹರಿಯಲಿಲ್ಲ, ಮತ್ತೊಮ್ಮೆ ಓದಿ ಮತ್ತಷ್ಟು ಸಿಟ್ಟು ಮಾಡಿಕೊಳ್ಳಲು ಇಟ್ಟುಕೊಂಡೆ.

ಸೋಮವಾರ ಸಂಜೆ ನಾನು ನಿನಗೆ ಫೋನು ಮಾಡಿದ್ದೆ. “ಬಾಯ್, ಎಲ್ಲಾ ಹೋಯ್ತು” ಎಂದು ಒದರಿದೆ. ನೀನೇನು ಹೇಳಿದೆ ನೆನಪಿದೆಯೆ? “ದೇವ್ ಬರೆಂ ಕರುಂ, ಬಾಬ.” ಅಷ್ಟೇ. ಫೋನು ಇಟ್ಟುಬಿಟ್ಟೆ. ದೇವರು ಒಳ್ಳೆಯದು ಮಾಡಲಿ ಎಂದು, ಊಟ ಬಡಿಸಿದವರಿಗೆ ಹೇಳುವ ಮಾತನ್ನು, ಗದ್ದೆ ಮುಳುಗಿದವನಿಗೆ ಹೇಳಿದೆ! ಶತ್ರುವೂ ಹಾಗೆ ಹೇಳುವುದಿಲ್ಲ.

ಅಂಗಡಿಯಿಂದ ಅಕ್ಕಿ ತಂದು ಉಣ್ಣುವವರಿಗೆ ಗೊಣಗಬೇಡ ಎನ್ನುವುದು ಸುಲಭ. ಭಾವ ದೋಣಿಯಿಂದ ಬಿದ್ದು ಹೋದಾಗ ನೀನು ಎರಡು ವರ್ಷ ಇಗರ್ಜಿಯ ಮೆಟ್ಟಿಲು ಹತ್ತಲಿಲ್ಲ. ಆಗ ನಿನಗೆ ಈರುಳ್ಳಿ ಕಥೆ ಯಾರಾದರೂ ಹೇಳಿದ್ದರೆ?

ಇದಕ್ಕೆಲ್ಲ ಕಾರಣ ದುರ್ಗಪ್ಪ. ತೂಬು ಕಾಯುವವನು ಅವನು. ಇಳಿತದಲ್ಲಿ ಹಲಗೆ ಎತ್ತಿ ಮಳೆನೀರು ಹೊರಗೆ ಬಿಡಬೇಕು, ಭರತಿ ಏರುವ ಮೊದಲು ಐದೂ ಹಲಗೆ ಇಳಿಸಬೇಕು. ಅದಕ್ಕೇ ತೂಬಿನ ಬಾಯಲ್ಲಿ ಬಲೆ ಕಟ್ಟುವ ಹಕ್ಕು ಅವನೊಬ್ಬನಿಗೆ ಕೊಟ್ಟದ್ದು. ಭಾನುವಾರ, ಅಮಾವಾಸ್ಯೆಯ ಮರುದಿನ, ದೊಡ್ಡ ಭರತಿ, ಅವನು ಅಗಸೂರಿನ ಮಗಳ ಮನೆಗೆ ಹೋಗಿ ಕೂತಿದ್ದ. ಹೋಗಲಿ ಎಂದರೆ, ಒಡ್ಡಿನ ಮೂಲೆಯಲ್ಲಿ ಅವನು ಹಾಕಿದ ಕಗ್ಗ ಭತ್ತ ಮಾತ್ರ ನೆಟ್ಟಗೆ ನಿಂತಿದೆ. ಉಪ್ಪು ಕುಡಿದೂ ಸಾಯದ ಜಾತಿ. ತನ್ನದು ಉಳಿಯುತ್ತದೆ ಎಂದು ಗೊತ್ತಿದ್ದೇ ಹೋದ ಎಂದು ಎಲ್ಲರೂ ಹೇಳುತ್ತಾರೆ.

ಮಂಗಳವಾರ ಹನ್ನೆರಡು ಮನೆಯವರು ಒಡ್ಡಿನ ಮೇಲೆ ಕೂಡಿದೆವು. ಅವನನ್ನು ತೂಬಿನ ಕೆಲಸದಿಂದ ಬಿಡಿಸಿದೆವು. ಅವನ ಬಲೆ ನಾನೇ ಎತ್ತಿ ದಾರಿಗೆ ಎಸೆದೆ. ಇನ್ನು ಪೊಲೀಸರಿಗೂ ದೂರು ಕೊಡುವುದಿದೆ.

ಕದಿರು ಒಯ್ಯುವುದಿಲ್ಲ. ದೇವರಿಗೆ ಬೇಕಾದರೆ ಅವನೇ ಬಂದು ಕೊಯ್ದುಕೊಳ್ಳಲಿ.

ಇನಾಸ್


ಅಂಕೋಲಾ
30 ಆಗಸ್ಟ್ 2025, ಶನಿವಾರ

ಇನಾಸ್,

ನನ್ನ ಗಂಡನ ಸಾವನ್ನು ಕಲ್ಲು ಮಾಡಿ ನನಗೇ ಎಸೆದೆ. ಎಸೆದದ್ದು ತಾಗಿತು. ಈಗ ಕೇಳು.

ಸೋಮವಾರ ನೀನು ಫೋನಿನಲ್ಲಿ ಏನು ಒದರಿದೆಯೋ ನನಗೆ ಗೊತ್ತಿಲ್ಲ. ಜೂನ್ ತಿಂಗಳಿಂದ ಫೋನಿನೊಳಗಿನ ಮಾತು ನನಗೆ ಕೇಳುವುದಿಲ್ಲ. ಎದುರಿಗೆ ನಿಂತು ತುಟಿ ಆಡಿಸಿದರೆ ಅರ್ಧ ಹಿಡಿಯುತ್ತೇನೆ. ಗಂಗಿ ಕೈ ಬೀಸಿ ಹೇಳುತ್ತಾಳೆ, ಅದೂ ತಿಳಿಯುತ್ತದೆ. ನಿನ್ನ ಹೆಸರು ಫೋನಿನಲ್ಲಿ ಮೂಡಿತು. ಗದ್ದೆಯ ಮಾತು ಪತ್ರದಲ್ಲೇ ಬರೆಯೋಣ ಎಂದು ಶೆಟ್ಲಿಗಷ್ಟೇ ಉಪಕಾರ ಹೇಳಿ ಇಟ್ಟೆ. ಪೂಜೆಯ ಗಂಟೆಯೂ ನನಗೆ ಕೇಳುವುದಿಲ್ಲ. ಮುಂದಿನ ಸಾಲಿನವರು ಮೊಣಕಾಲೂರಿದಾಗ ನಾನೂ ಊರುತ್ತೇನೆ. ಹೇಳಿದರೆ ನೀನು ಓಡಿ ಬಂದು ಡಾಕ್ಟರು, ಮಂಗಳೂರು ಎಂದು ಗದ್ದೆ ಕೆಲಸ ಬಿಡುತ್ತೀ ಎಂದು ಹೇಳಲಿಲ್ಲ.

ಹೌದು, ಎರಡು ವರ್ಷ ನಾನು ದೇವರನ್ನು ಬೈದೆ. ಬೈದು ಏನು ಗಳಿಸಿದೆ ಗೊತ್ತೆ? ಕಿವಿ ಇದ್ದಾಗಲೇ ಕಿವುಡಿಯಾದೆ. ಬಾಗಿಲಿಗೆ ಬಂದ ಒಂದು ಒಳ್ಳೆಯ ಮಾತೂ ಒಳಗೆ ಬರಲಿಲ್ಲ. ಅದು ತಿಳಿದವಳು ಹೇಳುತ್ತಿದ್ದೇನೆ, ಅಂಗಡಿ ಅಕ್ಕಿ ಉಣ್ಣುವವಳಲ್ಲ.

ಮಾಂಯ್ ಹೇಳುತ್ತಿದ್ದ ಕಥೆ ನೀನು ಮರೆತಿದ್ದೀ. ನೀನಿನ್ನೂ ತೊಟ್ಟಿಲಲ್ಲಿದ್ದೆ. ಆ ವರ್ಷ ಹುಳ ಬಿದ್ದು ಇಡೀ ಗಜನಿಯಲ್ಲಿ ಮೂರು ಕದಿರು ಉಳಿದಿರಲಿಲ್ಲ. ಪಾಯ್ ಸಿಟ್ಟಿನಿಂದಲೇ ಒಂದು ಹರಕು ಕದಿರು ಕೊಯ್ದರಂತೆ. ಕೊಯ್ದವರು ದಾರಿಯುದ್ದಕ್ಕೂ ಬೈದರಂತೆ. ಮಾವಿನ ಮರದವರೆಗೆ ಹುಳವನ್ನು ಬೈದರು, ದೋಣಿ ಕಡವಿನವರೆಗೆ ಮಳೆಯನ್ನು, ಆಮೇಲೆ ಪಾದ್ರಿಯನ್ನು, ಪಾದ್ರಿಯ ಕುದುರೆಯಂಥ ನಾಯಿಯನ್ನು. ಜನ ಮಾಂಯ್‌ಗೆ, “ಏ ಬಾಯಿ, ನಿನ್ನ ಗಂಡನ ಬಾಯಿ ಮುಚ್ಚಿಸು, ದೇವರ ಕೆಲಸಕ್ಕೆ ಹೊರಟಾನೆ” ಅಂದರು. ಮಾಂಯ್ ಹೇಳಿದಳಂತೆ: “ಬಾಯಿ ಬೈಯಲಿ, ಕೈ ಒಯ್ಯಲಿ. ಕೈ ಮುಂದೆ ಹೋದ್ರೆ ಬಾಯಿ ಹಿಂದಿಂದ ಬಂದೇ ಬರ್ತದೆ.” ಇಗರ್ಜಿಯ ಬಾಗಿಲಿಗೆ ಮುಟ್ಟುವಾಗ ಪಾಯ್‌ಗೆ ಗೊತ್ತಿದ್ದ ಬೈಗುಳವೆಲ್ಲ ಮುಗಿದಿದ್ದವು. ಉಳಿದದ್ದು ಮೂರೇ ಶಬ್ದ. ದೇವ್ ಬರೆಂ ಕರುಂ.

ನಿನ್ನ ಸಿಟ್ಟನ್ನು ನಾನು ಬೇಡ ಎನ್ನುವುದಿಲ್ಲ. ಕೈಯಲ್ಲಿ ಕದಿರು ಹಿಡಿದು ಸಿಟ್ಟು ಮಾಡು.

ಇನ್ನೊಂದು. ದುರ್ಗಪ್ಪ ಮೂವತ್ತು ವರ್ಷ ಹಲಗೆ ಇಳಿಸಿದವನು. ಮಗಳ ಮನೆಗೆ ಹೋಗುವಾಗ ಯಾರಿಗೂ ಹೇಳದೆ ಹೋದನೆ?

ಸೆರಫೀನಾ


ಕಿನ್ನರ
1 ಸೆಪ್ಟೆಂಬರ್ 2025, ಸೋಮವಾರ

ಬಾಯ್,

ಕಿವಿಯ ವಿಷಯ ನನ್ನಿಂದ ಮುಚ್ಚಿಟ್ಟೆಯಲ್ಲ! ಮೂರು ತಿಂಗಳು! ಮುಚ್ಚಿಡುವವರು ಬೇರೆಯವರಿಗೆ ಬುದ್ಧಿ ಹೇಳಬಾರದು.

ಯಾರಿಗೂ ಹೇಳದೆಯೇ ಹೋದ. ಅಷ್ಟೇ. ಮತ್ತೆ ಮತ್ತೆ ಕೇಳಬೇಡ.

ನಿನ್ನೆ ಪೂಜೆ ಮುಗಿದ ಮೇಲೆ ಪಾದ್ರಿ ಬಾಬ ಗದ್ದೆಗೇ ಬಂದರು. ಕದಿರು ಬೆಳ್ಳಗಾಗಿದೆ. ಹಿಡಿದರೆ ಕಾಗದದ ಹಾಗೆ ಸದ್ದು ಮಾಡುತ್ತದೆ, ಒಳಗೆ ಏನೂ ಇಲ್ಲ. ಅವರು ಒಂದು ಮುರಿದು ಅಂಗೈಯಲ್ಲಿ ತಿಕ್ಕಿ ಊದಿದರು. ಎಲ್ಲ ಹಾರಿಹೋಯಿತು. “ಇದನ್ನೇ ತಾ ಇನಾಸ್” ಅಂದರು. “ಜೊಳ್ಳು ಹರಸಲಿಕ್ಕೆ ನಿಮ್ಮ ಪುಸ್ತಕದಲ್ಲಿ ಪ್ರಾರ್ಥನೆ ಉಂಟಾ?” ಎಂದು ಕೇಳಿದೆ. “ಇಲ್ಲ, ನೀನು ತಂದ್ರೆ ಹುಡುಕ್ತೇನೆ” ಅಂದರು. “ನೀವು ಹುಡುಕ್ತಾ ಇರಿ, ನಾ ಬರುದಿಲ್ಲ” ಎಂದು ಮನೆಯೊಳಗೆ ಹೋದೆ.

ದುರ್ಗಪ್ಪ ಅಗಸೂರಿನಲ್ಲೇ ಇದ್ದಾನಂತೆ. ಗುರುವಾರ ದೂರು ಬರೆಸುತ್ತೇನೆ.

ಇನಾಸ್


ಅಂಕೋಲಾ
2 ಸೆಪ್ಟೆಂಬರ್ 2025

ಇನಾಸ್,

ಆ ಶೆಟ್ಲಿ ಎಲ್ಲಿಯದು?

ಸೆರಫೀನಾ


ಕಿನ್ನರ
3 ಸೆಪ್ಟೆಂಬರ್ 2025

ಕಾರವಾರದ ಮೀನು ಮಾರ್ಕೆಟ್ಟಿನದು. ಇನ್ನೆಲ್ಲಿಯದು? ಗಂಗಿಯನ್ನು ಕಾಯಿಸಿ ಈ ಎರಡು ಸಾಲು ಬರೆಯುತ್ತಿದ್ದೇನೆ. ಉಂಡದ್ದಕ್ಕೆ ಲೆಕ್ಕ ಕೇಳುವುದು ಯಾವಾಗ ಕಲಿತೆ?

ಇನಾಸ್


ಅಂಕೋಲಾ
4 ಸೆಪ್ಟೆಂಬರ್ 2025, ಗುರುವಾರ

ಇನಾಸ್,

ಸುಳ್ಳು ಹೇಳುವುದಾದರೆ ಮೀನು ತಿಳಿಯದವಳಿಗೆ ಹೇಳು.

ಮಾರ್ಕೆಟ್ಟಿನ ಶೆಟ್ಲಿ ಬರ್ಫದಲ್ಲಿ ಬರುತ್ತದೆ. ಸತ್ತು, ಕಣ್ಣು ಕಪ್ಪಾಗಿ. ನೀನು ಕಳಿಸಿದ್ದು ಗಜನಿಯ ಶೆಟ್ಲಿ. ಬಾಲದಲ್ಲಿ ನೀಲಿ, ತಲೆಯಲ್ಲಿ ಕೆಸರು, ಒದ್ದೆ ಹುಲ್ಲಿನಲ್ಲಿ ಮರುದಿನವೂ ಜೀವ. ಅದು ಸಿಗುವುದು ಇಳಿತದಲ್ಲಿ, ಹಲಗೆ ಎತ್ತಿ ತೂಬಿನ ಬಾಯಿಗೆ ಬಲೆ ಕಟ್ಟಿದವನಿಗೆ. ಪಾಯ್ ಬದುಕಿದ್ದಾಗಲೂ ನಮ್ಮ ಮನೆಗೆ ಅದು ದುರ್ಗಪ್ಪ ಕೊಟ್ಟರೆ ಮಾತ್ರ ಬರುತ್ತಿತ್ತು. ಭಾನುವಾರ ದುರ್ಗಪ್ಪ ಊರಲ್ಲೇ ಇರಲಿಲ್ಲ.

ಮೊನ್ನೆ ಮಂಗಳವಾರ ಬೆಳಿಗ್ಗೆ ಅವನು ಇಲ್ಲಿಗೆ ಬಂದಿದ್ದ. ತೋಟದ ಕೆಲಸ ಏನಾದರೂ ಇದೆಯೇ ಎಂದು ಕೇಳಲು. ಅರವತ್ತೆರಡು ವರ್ಷದವನು, ಇನಾಸ್! ಹೊರಗೇ ನಿಂತಿದ್ದ. ಅವನ ಮೀಸೆ ತುಟಿ ಮುಚ್ಚುತ್ತದೆ, ನನಗೆ ಮಾತು ಹಿಡಿಯಲು ಆಗಲಿಲ್ಲ. ಕಾಗದ ಪೆನ್ನು ಕೊಟ್ಟು, “ಹೋಗುವಾಗ ಯಾರಿಗೆ ಹೇಳಿದ್ದೆ?” ಎಂದು ಕೇಳಿದೆ. ಮೆಟ್ಟಿಲ ಮೇಲೆ ಕೂತ. ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದ: “ಇನಾಸ್ ಬಾಬಾ, ನಾನೇ ಹಲಗೆ ಹಾಕ್ತೆ ಹೋಗು ಅಂದಿದ್ರು. ಬಾಯಿ ನೀವು ಅವರಿಗೆ ಕೇಳ್ಬೇಡಿ. ಮನೆ ಒಡೀತದೆ.”

ಆ ಕಾಗದ ಇದರ ಜೊತೆ ಇಟ್ಟಿದ್ದೇನೆ. ಅವನು ಬಿಡಿಸಿದ ಒಂದೊಂದು ಅಕ್ಷರವನ್ನೂ ನೋಡು. ನಿನ್ನ ಮನೆ ಒಡೆಯಬಾರದೆಂದು ತನ್ನ ಹೊಟ್ಟೆಯ ಮೇಲೆ ಬಿದ್ದ ಕಲ್ಲನ್ನು ಸುಮ್ಮನೆ ಹೊತ್ತವನ ಮೇಲೆ ನೀನು ಪೊಲೀಸರಿಗೆ ದೂರು ಬರೆಸುತ್ತೀಯಾ?

ದೇವರು ಕಸಿದ, ದುರ್ಗಪ್ಪ ಕೆಡಿಸಿದ ಎಂದು ಹತ್ತು ದಿನ ಗೊಣಗಿದೆ. ಈಗ ತಿಳಿಯಿತು ನಿನ್ನ ಗೊಣಗಾಟ ಯಾಕಿಷ್ಟು ಜೋರು ಎಂದು. ಒಳಗಿನದು ಹೊರಗೆ ಕೇಳಬಾರದಲ್ಲ!

ಆ ಶೆಟ್ಲಿ ಉಂಡು ನಾನು ಉಪಕಾರ ಹೇಳಿದ್ದೆ. ಹನ್ನೆರಡು ಮನೆಯ ಅನ್ನವನ್ನು ಎರಡು ದಿನದಲ್ಲಿ ಉಂಡೆ. ಈಗ ಗಂಟಲಿಗೆ ಬೆರಳು ಹಾಕಿದರೂ ಅದು ಬರುವುದಿಲ್ಲ.

ಕದಿರು ಒಯ್ಯಿ ಎಂದು ಇನ್ನು ನಾನು ಹೇಳುವುದಿಲ್ಲ. ಪಾಯ್ ಹೇಳಿದ್ದಾರೆ. ಅವರ ಮಾತು ಮೀರುವುದಾದರೆ ಈ ಪತ್ರಕ್ಕೆ ಉತ್ತರವೂ ಬೇಡ.

ಸೆರಫೀನಾ


ಕಿನ್ನರ
9 ಸೆಪ್ಟೆಂಬರ್ 2025, ಮಂಗಳವಾರ

ಬಾಯ್,

ಐದು ದಿನ ಉತ್ತರ ಬರೆಯಲಿಲ್ಲ. ಮೊದಲ ಎರಡು ದಿನ ನಿನ್ನ ಮೇಲೆ ಸಿಟ್ಟು. ಮೂರನೆಯ ದಿನ ದೂರಿನ ಕಾಗದ ಹುಡುಕಲು ಕಿಸೆಗೆ ಕೈ ಹಾಕಿದರೆ ದುರ್ಗಪ್ಪನ ಕಾಗದ ಬಂತು. ಎರಡನ್ನೂ ಒಂದೇ ಕಿಸೆಯಲ್ಲಿ ಇಟ್ಟಿದ್ದೆ. ಬಾಯ್, ಗುರುವಾರ ಠಾಣೆಯ ಗೇಟಿನವರೆಗೆ ಹೋಗಿ ಬಂದಿದ್ದೆ. ಒಳಗೆ ಕಾಲಿಡಲು ಆಗಿರಲಿಲ್ಲ.

ಆ ಭಾನುವಾರದ್ದು ಬರೆಯುತ್ತೇನೆ. ದುರ್ಗಪ್ಪ ಹಿಂದಿನ ಸಂಜೆ ಬಂದು ಹೇಳಿದ್ದು ನಿಜ. ಬೆಳಿಗ್ಗೆ ಐದೂವರೆಗೆ ಹಲಗೆ ಎತ್ತಿದೆ. ನೀರು ಹೊರಗೆ ಓಡುವುದನ್ನು ನೋಡುತ್ತ ನಿಂತಾಗ, ಬಾಯ್‌ಗೆ ಗಜನಿ ಶೆಟ್ಲಿ ಇಷ್ಟ, ಯಾರು ನೋಡುತ್ತಾರೆ ಎಂದು ಅವನದೇ ಬಲೆ ತಂದು ಕಟ್ಟಿದೆ. ಏಳಕ್ಕೆ ಬಲೆ ತೆಗೆದು ಹಲಗೆ ಇಳಿಸಬೇಕಿತ್ತು. ಬಲೆ ಇನ್ನೂ ತುಂಬುತ್ತಿತ್ತು. ಎಂಟು ಗಂಟೆಯ ಪೂಜೆಗೆ ಹೊತ್ತಾಯಿತು. ಬಲೆ ಎತ್ತಿ ಶೆಟ್ಲಿ ಮನೆಗೆ ಹಾಕಿ ಓಡಿದೆ. ಹಲಗೆ? ಮರೆತೆ. ಪೂಜೆಯ ನಂತರ ಅಂಗಳದಲ್ಲಿ ನಿಂತು ಬರುವ ಹಬ್ಬದ ಊಟದ ಪಟ್ಟಿಯಲ್ಲಿ ಏನೇನು ಕಡಿಮೆ ಎಂದು ಹನ್ನೊಂದೂವರೆವರೆಗೆ ದೂರಿದೆ. ಅಷ್ಟು ಹೊತ್ತಿಗೆ ನದಿ ನನ್ನ ಗದ್ದೆಯಲ್ಲಿತ್ತು.

ಮೊನ್ನೆ ಭಾನುವಾರ ಅಗಸೂರಿಗೆ ಹೋದೆ. ದುರ್ಗಪ್ಪ ಮಗಳು ಮಂಜಿಯ ಮನೆಯ ಜಗಲಿಯಲ್ಲಿ ಕೂತು ನಾನು ಎಸೆದು ಹರಿದಿದ್ದ ಬಲೆಗೆ ಗಂಟು ಹಾಕುತ್ತಿದ್ದ. ತಲೆ ಎತ್ತಲಿಲ್ಲ.

“ಯಾಕ್ ಬಂದ್ರಿ? ತೆಗೀಲಿಕ್ಕೆ ನನ್ನ ಹತ್ರ ಇನ್ನೆಂತ ಉಳದದೆ?”

“ದುರ್ಗಪ್ಪಾ, ತಪ್ಪಾಯ್ತು” ಅಂದೆ.

“ಹ್ಞಾಂ?”

“ತಪ್ಪಾಯ್ತು ಅಂದೆ.”

“ಇಲ್ಲಿ ಜಗಲೀಲಿ ಹೇಳ್ದ್ರೆ ಮಂಜಿ ಕೋಳಿ ಮಾತ್ರ ಕೇಳ್ತದೆ. ಹನ್ನೆರಡು ಮನೆ ಎದ್ರಿಗೆ ಬಲೆ ಎಸದ್ರಿ. ಹನ್ನೆರಡು ಮನೆ ಎದ್ರಿಗೇ ಹೇಳಿ. ಆಗ ಬರ್ತೆ.” ಮಂಜಿ ಚಹಾ ತಂದಳು. ಅವನು, “ಅವ್ರಿಗೆ ಬೇಡ, ನಾಳೆ ಹೇಳಿದ್ಮೇಲೆ ಕುಡೀಲಿ” ಎಂದ. ಬಸ್ಸಿನಲ್ಲಿ ಅಗಸೂರಿನಿಂದ ಕಾರವಾರದವರೆಗೂ ಅವನನ್ನು ಮನಸ್ಸಿನಲ್ಲೇ ಬೈದೆ. ಅವನದು ಸರಿ ಎಂದು ಗೊತ್ತಿದ್ದೇ ಬೈದೆ.

ನಿನ್ನೆ ಹಬ್ಬ. ಒಡ್ಡಿನ ಮೇಲಿನ ಕ್ರೂಸಿನ ಹತ್ತಿರ ಎಂದಿನಂತೆ ಹನ್ನೆರಡು ಮನೆಯವರೂ ಬಂದಿದ್ದರು. ನಮ್ಮ ಇಗರ್ಜಿಯವರು, ಅಲ್ಲದವರು, ಎಲ್ಲರೂ. ದುರ್ಗಪ್ಪ ದೂರ ನಿಂತಿದ್ದ. ಪಾಯ್‌ನ ಕತ್ತಿ ಹಿಡಿದು ಗದ್ದೆಗಿಳಿದು ಬಿಳಿ ಕದಿರು ಒಂದು ಹಿಡಿ ಕೊಯ್ದೆ. ತಿರುಗಿ ನಿಂತೆ. ಹೇಳಿದೆ. ಹಲಗೆ, ಬಲೆ, ಶೆಟ್ಲಿ, ಅಂಗಳದ ಹರಟೆ, ಎಲ್ಲ.

ಪಕ್ಕದ ಗದ್ದೆಯ ಶಿವಾನಂದ ಒದರಿದ: “ಹದಿನೈದು ದಿನ ನಮ್ಮ ಬಾಯಲ್ಲಿ ಆ ಮುದುಕನ್ನ ಬೈಸ್ದೆಯಲ್ಲೋ, ಕಳ್ಳಾ! ನನ್ನ ಗದ್ದೆ ಹೋದದ್ದು ಬೇರೆ, ನನ್ನ ನಾಲಿಗೆ ಹೊಲಸು ಮಾಡ್ದೆ!” ಅವನ ಹೆಂಡತಿ ನೀತಾ ನನ್ನ ಕಾಲ ಬಳಿ ಉಗಿದಳು. ಪಕ್ಕದಲ್ಲೇ ಇದ್ದ ಪಾದ್ರಿ ಬಾಬ ತಡೆಯಲಿಲ್ಲ. ಅವರು ತಡೆಯಬಹುದು ಎಂದು ನಾನು ಕಾದಿದ್ದೆ, ಅದನ್ನೂ ಬರೆಯುತ್ತೇನೆ.

ಆಗ ದುರ್ಗಪ್ಪ ಮೂಲೆಯ ತನ್ನ ತುಂಡಿಗೆ ಇಳಿದ. ನಾವು ಕಾಡುಹುಲ್ಲು ಎಂದು ನಗುತ್ತಿದ್ದ ಕಗ್ಗ, ಎದೆಯೆತ್ತರ, ಕಂದು ಕದಿರು ತುಂಬಿ ಬಾಗಿದೆ. ಒಂದು ಹಿಡಿ ಕೊಯ್ದು ತಂದು ನನ್ನ ಕೈಯ ಜೊಳ್ಳಿನ ಮೇಲೆ ಇಟ್ಟ.

“ಇದು ದೇವ್ರಿಗೆ” ಎಂದ. “ನಿಮಗಲ್ಲ.”

ಎರಡನ್ನೂ ಕೂಡಿಸಿ ಕಟ್ಟಿ ಒಯ್ದೆ. ಬಾಯ್, ಮಾಂಯ್ ಹೇಳಿದ್ದು ಪೂರ್ತಿ ನಿಜವಲ್ಲ. ಕೈ ಮುಂದೆ ಹೋಯಿತು. ಬಾಯಿ ಬಹಳ ಹಿಂದೆ ಉಳಿಯಿತು. ಮಾವಿನ ಮರದವರೆಗೆ ಶಿವಾನಂದನನ್ನು ಬೈದೆ, ಕಡವಿನವರೆಗೆ ನಿನ್ನನ್ನು. ಆಮೇಲೆ ಬೈಯಲು ನಾನೊಬ್ಬನೇ ಉಳಿದೆ. ಇಗರ್ಜಿಯ ಬಾಗಿಲಲ್ಲಿ ಪಾದ್ರಿ ಬಾಬ ಕದಿರು ತೆಗೆದುಕೊಂಡು ಕಾದರು. ಪಾಯ್ ಹೇಳಿದ ಆ ಮೂರು ಶಬ್ದ ನನ್ನ ಬಾಯಿಗೆ ಬರಲಿಲ್ಲ. ಅವರು ಜೊಳ್ಳು, ಕಾಳು ಎರಡರ ಮೇಲೂ ನೀರು ಚಿಮುಕಿಸಿದರು. ಮನೆಗೊಂದು ಕಗ್ಗದ ಕದಿರು, ಒಂದು ಜೊಳ್ಳು ಹಂಚಿದರು. ನನ್ನ ಹೆಂಡತಿ ಪಾಯಸಕ್ಕೆ ಎರಡನ್ನೂ ಹಾಕಿದಳು. ಹೊಟ್ಟು ಹಲ್ಲಿಗೆ ಸಿಕ್ಕಿತು. ಯಾರೂ ಉಗುಳಲಿಲ್ಲ.

ನನ್ನ ಮಾತು ಕೇಳಿದವರು ಇವತ್ತು ಬೆಳಿಗ್ಗೆ ಏನು ಮಾಡಿದರು ಎಂದು ಬರೆದು ಮುಗಿಸುತ್ತೇನೆ, ಗಂಗಿ ಅಂಗಳದಲ್ಲಿ ಬಸ್ಸು ಹೋಗ್ತದೆ ಎಂದು ಕೂಗುತ್ತಿದ್ದಾಳೆ.

ಬೆಳಕು ಹರಿಯುವಾಗ ಒಡ್ಡಿಗೆ ಹೋದೆ. ನನಗಿಂತ ಮೊದಲೇ ಅವರೆಲ್ಲ ಅಲ್ಲಿದ್ದರು, ಹನ್ನೆರಡು ಮನೆಯಿಂದ ಒಬ್ಬೊಬ್ಬರು. ನನ್ನನ್ನು ಯಾರೂ ಕರೆದಿರಲಿಲ್ಲ. ದುರ್ಗಪ್ಪನ ಬಲೆಯನ್ನು ಶಿವಾನಂದ ತಾನೇ ಹೊತ್ತು ತಂದು ತೂಬಿನ ಬಾಯಿಗೆ ಕಟ್ಟುತ್ತಿದ್ದ. ನೀತಾ ಒಂದು ಚೀಲ ಹಿಡಿದು ಕಗ್ಗದ ಗದ್ದೆಯ ಬದಿಗೆ ನಿಂತಿದ್ದಳು, ಮುಂದಿನ ವರ್ಷದ ಬೀಜಕ್ಕೆ. ಉಳಿದವರು ಸೊಂಟದವರೆಗೆ ಕೆಸರಿನಲ್ಲಿ ನಿಂತು, ಉಪ್ಪುನೀರು ಬೇಗ ಇಳಿಯಲೆಂದು ಕಾಲುವೆ ಬಿಡಿಸುತ್ತಿದ್ದರು. ದುರ್ಗಪ್ಪ ನನ್ನನ್ನು ನೋಡಿ, ಎಲ್ಲಕ್ಕಿಂತ ಆಳದ, ಎಲ್ಲಕ್ಕಿಂತ ನಾರುವ ಗುಂಡಿಯ ಕಡೆ ಗದ್ದ ಎತ್ತಿ ತೋರಿಸಿದ. “ಇಳೀರಿ” ಎಂದ.

ಇಳಿದೆ. ಏಳು ಗಂಟೆಗೆ ಇಳಿತ ಮುಗಿದು ಭರತಿ ತಿರುಗಿತು. ದುರ್ಗಪ್ಪ ಬಲೆ ಎತ್ತಿ ಹಲಗೆ ಇಳಿಸಿದ, ಒಂದೊಂದಾಗಿ ಐದೂ. ಐದನೆಯದು ಕೂತಾಗ, ಕುತ್ತಿಗೆಯವರೆಗೆ ಕೆಸರಿನಲ್ಲಿದ್ದ ನನ್ನ ಬಾಯಿಂದ ಆ ಮೂರು ಶಬ್ದ ತಾನಾಗಿ ಬಂದವು. ಜೋರಾಗಿಯೇ ಬಂದಿರಬೇಕು, ಎಲ್ಲರೂ ತಿರುಗಿ ನೋಡಿದರು.

ಈ ಪತ್ರದ ಜೊತೆ ಬಾಳೆ ಎಲೆಯ ಪೊಟ್ಟಣ ಇದೆ. ದುರ್ಗಪ್ಪ ಬಲೆಯಿಂದ ತಾನೇ ಆರಿಸಿ ಕಟ್ಟಿದ್ದು. ಕೊಡುವಾಗ ಹೇಳಿದ:

“ಅಂಕೋಲೆ ಬಾಯಿಗೆ ಕಳ್ಸಿ. ಈ ಸಲ ಕದ್ದ ಶೆಟ್ಲಿ ಅಲ್ಲ ಅಂತ ಬರೀರಿ.”

ನಿನ್ನ ತಮ್ಮ
ಇನಾಸ್